ಸಾಫ್ಟ್‌ವೇರ್ ಸಂದರ್ಶನದ ಸುತ್ತುಗಳು: ತಾಳ್ಮೆ ಕೆಡದಂತೆ ದಾಟುವ ಬಗೆ

ಸಾಫ್ಟ್‌ವೇರ್ ಹುದ್ದೆಯೊಂದಕ್ಕೆ ಅರ್ಜಿ ಹಾಕಿದವರು ಸಾಮಾನ್ಯವಾಗಿ ಹಾದುಹೋಗಬೇಕಾದ ಹಂತಗಳು ಇಷ್ಟು: ರಿಕ್ರೂಟರ್ ಜೊತೆ ಅರ್ಧ ಗಂಟೆಯ ಮಾತುಕತೆ, ಆನ್‌ಲೈನ್ ಕೋಡಿಂಗ್ ಟೆಸ್ಟ್ ಅಥವಾ ಮನೆಯಲ್ಲೇ ಮಾಡಿ ಕಳಿಸುವ ಅಸೈನ್‌ಮೆಂಟ್, ಒಂದೆರಡು ಟೆಕ್ನಿಕಲ್ ರೌಂಡ್, ಅನುಭವವಿದ್ದವರಿಗೆ ಸಿಸ್ಟಂ ಡಿಸೈನ್ (ದೊಡ್ಡ ತಂತ್ರಾಂಶ ವ್ಯವಸ್ಥೆಯೊಂದರ ರಚನೆಯನ್ನು ರೂಪಿಸುವ) ರೌಂಡ್, ಮ್ಯಾನೇಜರ್ ಭೇಟಿ, ಕೊನೆಗೆ ಎಚ್‌ಆರ್. ಪಟ್ಟಿಯಾಗಿ ಓದಿದರೆ ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಆದರೂ ಈ ದಾರಿಯಲ್ಲಿ ನಡೆದವರಲ್ಲಿ ಹೆಚ್ಚಿನವರು ದೂರುವುದು ಪ್ರಶ್ನೆಗಳು ಕಷ್ಟವಾಗಿದ್ದವೆಂದಲ್ಲ. ಮುಂದೇನು ಎಂಬುದು ಯಾವ ಹಂತದಲ್ಲೂ ತಿಳಿಯುವುದಿಲ್ಲ, ಮೂರು ರೌಂಡ್ ಎಂದದ್ದು ಆರಾಗುತ್ತದೆ, ವಾರಾಂತ್ಯವಿಡೀ ಕೂತು ಬರೆದ ಕೋಡ್‌ಗೆ ಒಂದು ಸಾಲಿನ ಉತ್ತರವೂ ಬರುವುದಿಲ್ಲ ಎಂಬುದು ಅವರ ಅಳಲು.

ಅಲ್ಗಾರಿದಂ ಕಲಿಯುವುದು ಹೇಗೆಂದು ಹೇಳುವ ಸಾಮಗ್ರಿಗೆ ಕೊರತೆಯಿಲ್ಲವಾದ್ದರಿಂದ ಆ ವಿಷಯವನ್ನು ಇಲ್ಲಿ ಎತ್ತಿಕೊಂಡಿಲ್ಲ. ಪ್ರಕ್ರಿಯೆಯನ್ನು ನಿಭಾಯಿಸುವುದು ಹೇಗೆ, ಯಾವಾಗ ಏನನ್ನು ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದಷ್ಟೇ ಈ ಬರಹದ ವಿಷಯ. ಕಂಪನಿಯ ವೇಗವನ್ನಾಗಲಿ ಅದರೊಳಗಿನ ಗೊಂದಲವನ್ನಾಗಲಿ ಅಭ್ಯರ್ಥಿ ಬದಲಿಸಲಾರರು. ತಾವು ಎಷ್ಟು ಗಂಟೆ ಕೊಡುತ್ತೇವೆ, ಯಾವ ಮಾಹಿತಿ ಸಿಕ್ಕ ಮೇಲೆ ಕೊಡುತ್ತೇವೆ ಎಂಬುದನ್ನು ಮಾತ್ರ ಅವರೇ ನಿರ್ಧರಿಸಬಹುದು, ಮತ್ತು ಆ ನಿರ್ಧಾರವನ್ನು ದಣಿವಾದ ಮೇಲೆ ಮಾಡುವುದಕ್ಕಿಂತ ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿ ಹಾಕುವ ಮುನ್ನ ಮಿತಿಗಳನ್ನು ಬರೆದಿಡಿ

ಮೊದಲು ಮೂರು ಸಂಗತಿಗಳನ್ನು ಬರಹದಲ್ಲಿ ನಿಶ್ಚಯಿಸಿಕೊಳ್ಳಿ. ಒಂದು ಕಂಪನಿಗೆ, ತಯಾರಿಯ ಸಮಯವನ್ನು ಬಿಟ್ಟು, ಒಟ್ಟು ಎಷ್ಟು ಗಂಟೆ ಕೊಡಬಲ್ಲಿರಿ. ಎಷ್ಟು ಸಂಬಳಕ್ಕಿಂತ ಕಡಿಮೆಯಾದರೆ ಮಾತುಕತೆಯನ್ನೇ ಮುಂದುವರಿಸುವುದಿಲ್ಲ. ಕೆಲಸದ ಸ್ಥಳ, ಸಮಯ, ನೋಟಿಸ್ ಪೀರಿಯಡ್ ಮುಂತಾದವುಗಳಲ್ಲಿ ಯಾವುದರಲ್ಲಿ ರಾಜಿಯಾಗುವಂತಿಲ್ಲ. ನನ್ನ ಅಂದಾಜಿನಲ್ಲಿ ಸಾಮಾನ್ಯ ಹುದ್ದೆಗೆ ಎಂಟರಿಂದ ಹತ್ತು ಗಂಟೆ ನ್ಯಾಯವಾದ ಮಿತಿ. ಕೆಲಸವಿಲ್ಲದೆ ಇರುವವರು ಇದನ್ನು ಹಿಗ್ಗಿಸಿಕೊಳ್ಳಬಹುದು, ಈಗಾಗಲೇ ಕೆಲಸದಲ್ಲಿರುವವರು ಕುಗ್ಗಿಸಿಕೊಳ್ಳಬಹುದು. ಆದರೆ ಅಂಕಿಯೊಂದು ಇರಲೇಬೇಕು, ಇಲ್ಲವಾದರೆ ಪ್ರತಿ ಹೊಸ ರೌಂಡ್ ಕೂಡ ‘ಇಷ್ಟು ಮಾಡಿದ್ದೇನೆ, ಇದೊಂದನ್ನು ಮಾಡಿಬಿಡೋಣ’ ಎಂಬ ಲೆಕ್ಕಕ್ಕೆ ಸೇರಿಹೋಗುತ್ತದೆ.

ಇದರ ಜೊತೆಗೆ ಒಂದು ಸಾದಾ ಸ್ಪ್ರೆಡ್‌ಶೀಟ್ ತೆರೆದು ಕಂಪನಿಯ ಹೆಸರು, ಹುದ್ದೆ, ಅರ್ಜಿಯ ದಿನಾಂಕ, ಯಾರ ಜೊತೆ ಮಾತಾಯಿತು, ಅವರು ಏನು ಹೇಳಿದರು, ಮುಂದಿನ ಉತ್ತರ ಯಾವಾಗ ಬರಬೇಕಿತ್ತು, ಇಲ್ಲಿಯವರೆಗೆ ಎಷ್ಟು ಗಂಟೆ ಹೋಯಿತು ಎಂಬ ಅಂಕಣಗಳನ್ನು ಹಾಕಿ. ಅರ್ಜಿ ಹಾಕಿದ ದಿನವೇ ಜಾಬ್ ಡಿಸ್ಕ್ರಿಪ್ಷನ್‌ನ ಪ್ರತಿಯನ್ನೂ ಉಳಿಸಿಕೊಳ್ಳಿ. ಹುದ್ದೆಯ ಪ್ರಕಟಣೆ ಮಧ್ಯದಲ್ಲೇ ಮಾಯವಾಗುವುದು ಅಥವಾ ಬದಲಾಗುವುದು ಸಾಮಾನ್ಯ. ಕೊನೆಯ ರೌಂಡ್‌ನಲ್ಲಿ ಬೇರೆಯದೇ ಕೆಲಸದ ಮಾತು ಬಂದಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

ಮೊದಲ ಕರೆಯಲ್ಲೇ ಕೇಳಬೇಕಾದ ಪ್ರಶ್ನೆಗಳು

ರಿಕ್ರೂಟರ್ ಕರೆಯನ್ನು ಹೆಚ್ಚಿನವರು ಔಪಚಾರಿಕತೆಯೆಂದು ಭಾವಿಸಿ ತಮ್ಮ ರೆಸ್ಯೂಮೆಯನ್ನು ಒಪ್ಪಿಸಿ ಫೋನ್ ಇಡುತ್ತಾರೆ. ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಅಭ್ಯರ್ಥಿಗೆ ಅತಿ ಹೆಚ್ಚು ಉಪಯೋಗವಾಗಬಲ್ಲ ಅರ್ಧ ಗಂಟೆ ಇದೇ, ಏಕೆಂದರೆ ನಂತರದ ರೌಂಡ್‌ಗಳಲ್ಲಿ ಎದುರಿಗೆ ಕೂರುವ ಎಂಜಿನಿಯರ್‌ಗಳಿಗೆ ಪ್ರಕ್ರಿಯೆಯ ಬಗ್ಗೆ ಉತ್ತರಿಸುವ ಅಧಿಕಾರವಾಗಲಿ ಮಾಹಿತಿಯಾಗಲಿ ಇರುವುದು ಅಪರೂಪ.

ಒಟ್ಟು ಎಷ್ಟು ರೌಂಡ್‌ಗಳಿವೆ, ಪ್ರತಿಯೊಂದಕ್ಕೂ ಎಷ್ಟು ಸಮಯ ಬೇಕು, ಪ್ರತಿಯೊಂದರಲ್ಲಿ ಏನನ್ನು ಪರೀಕ್ಷಿಸುತ್ತಾರೆ ಎಂದು ನೇರವಾಗಿ ಕೇಳಿ. ಕೋಡಿಂಗ್ ರೌಂಡ್ ಇದ್ದರೆ ಯಾವ ಭಾಷೆಯಲ್ಲಿ ಬರೆಯಬಹುದು, ಕೋಡ್ ನಿಜವಾಗಿಯೂ ಓಡುವ ಎಡಿಟರ್ ಕೊಡುತ್ತಾರೋ ಅಥವಾ ಬರೀ ಪಠ್ಯ ಬರೆಯುವ ಪುಟವೋ, ಆ ಭಾಷೆಯ ದಸ್ತಾವೇಜು (ಡಾಕ್ಯುಮೆಂಟೇಶನ್) ನೋಡಬಹುದೇ, ಎಐ ಸಾಧನಗಳನ್ನು ಬಳಸಬಹುದೇ ಎಂಬುದನ್ನು ತಿಳಿದುಕೊಳ್ಳಿ. ಕೊನೆಯ ಪ್ರಶ್ನೆಗೆ ಈಗ ಕಂಪನಿಯಿಂದ ಕಂಪನಿಗೆ ಉತ್ತರ ಬೇರೆ. ಕೆಲವೆಡೆ ಎಐ ಬಳಸಿದರೆ ಅಲ್ಲಿಗೇ ಅನರ್ಹತೆ, ಇನ್ನು ಕೆಲವೆಡೆ ಅದನ್ನು ಬಳಸುವ ಜಾಣ್ಮೆಯನ್ನೇ ನೋಡುತ್ತಾರೆ. ಊಹೆಯ ಮೇಲೆ ನಡೆಯುವುದು ಅಪಾಯ.

ಆಮೇಲಿನ ಪ್ರಶ್ನೆ ಸ್ವಲ್ಪ ಮುಜುಗರದ್ದು, ಆದರೆ ಬಿಡಬಾರದು: ಈ ಹುದ್ದೆಗೆ ಬಜೆಟ್ ಮಂಜೂರಾಗಿದೆಯೇ, ಇದು ಹೊಸ ಹುದ್ದೆಯೋ ಯಾರಾದರೂ ಬಿಟ್ಟುಹೋದ ಜಾಗವೋ, ಯಾವ ತಿಂಗಳೊಳಗೆ ಭರ್ತಿ ಮಾಡಬೇಕೆಂದಿದ್ದಾರೆ? ಅನುಮೋದನೆ ಇನ್ನೂ ಬಾರದ ಹುದ್ದೆಗೂ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳುವ ರೂಢಿ ಇದೆ. ಅಂಥ ಕಡೆ ನೀವು ಎಲ್ಲ ರೌಂಡ್‌ಗಳನ್ನೂ ಚೆನ್ನಾಗಿ ಮುಗಿಸಿದರೂ ಉತ್ತರ ಬರದಿರುವುದಕ್ಕೂ ನಿಮ್ಮ ಸಾಮರ್ಥ್ಯಕ್ಕೂ ಸಂಬಂಧವಿರುವುದಿಲ್ಲ. ಉತ್ತರ ತಡವರಿಸಿದರೆ ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕೆಂದೇನೂ ಇಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಗುರುತು ಹಾಕಿಕೊಂಡು ಆ ಕಂಪನಿಗೆ ಕೊಡುವ ಗಂಟೆಗಳನ್ನು ಅರ್ಧಕ್ಕೆ ಇಳಿಸಿ.

ಸಂಬಳದ ಮಾತು ಕೊನೆಯಲ್ಲಿ ಎಂಬ ಹಳೆಯ ಪದ್ಧತಿಗೆ ಕಟ್ಟುಬೀಳಬೇಡಿ. ‘ಈ ಹುದ್ದೆಗೆ ನಿಗದಿಯಾದ ಸಂಬಳದ ವ್ಯಾಪ್ತಿ ಎಷ್ಟು?’ ಎಂದು ಮೊದಲ ಕರೆಯಲ್ಲೇ ಕೇಳುವುದು ಅಸಭ್ಯವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವುದೇ ಕಾನೂನುಬಾಹಿರ. ಐರೋಪ್ಯ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ವೇತನ ಪಾರದರ್ಶಕತೆಯ ನಿರ್ದೇಶನವೂ ಹಿಂದಿನ ಸಂಬಳದ ಪ್ರಶ್ನೆಯನ್ನು ನಿಷೇಧಿಸಿ, ವೇತನದ ವ್ಯಾಪ್ತಿಯನ್ನು ಅಭ್ಯರ್ಥಿಗೆ ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ. ಇಂಥ ಕಾನೂನು ಇಲ್ಲದ ಕಡೆಯೂ ‘ಹಿಂದಿನ ಸಂಬಳಕ್ಕಿಂತ ಈ ಹುದ್ದೆಯ ಜವಾಬ್ದಾರಿಯ ಆಧಾರದ ಮೇಲೆ ಮಾತಾಡೋಣ’ ಎಂದು ವಿನಯದಿಂದ ಹೇಳಬಹುದು. ಎದುರಿನವರು ಒತ್ತಾಯಿಸಿದರೆ ಸುಳ್ಳು ಅಂಕಿ ಮಾತ್ರ ಹೇಳಬೇಡಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಅದು ಬಯಲಾಗುತ್ತದೆ.

ಕರೆ ಮುಗಿದ ದಿನವೇ ಒಂದು ಚಿಕ್ಕ ಇಮೇಲ್ ಕಳಿಸಿ: ‘ಮಾತುಕತೆಗೆ ಧನ್ಯವಾದಗಳು. ನಾನು ಗ್ರಹಿಸಿದಂತೆ ಒಟ್ಟು ನಾಲ್ಕು ರೌಂಡ್‌ಗಳಿದ್ದು, ಮೊದಲನೆಯದು ಒಂದೂವರೆ ಗಂಟೆಯ ಆನ್‌ಲೈನ್ ಟೆಸ್ಟ್, ಅಂತಿಮ ನಿರ್ಧಾರ ಮೂರು ವಾರಗಳೊಳಗೆ ತಿಳಿಯುತ್ತದೆ. ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ.’ ಈ ಮೂರು ಸಾಲು ಮುಂದೆ ಹಲವು ಬಾರಿ ನೆರವಿಗೆ ಬರುತ್ತವೆ.

ಯಾರೋ ನೋಡುತ್ತಿರುವಾಗ ಕೋಡ್ ಬರೆಯುವುದು

ಸಾಫ್ಟ್‌ವೇರ್ ಸಂದರ್ಶನಗಳ ಬಗ್ಗೆ ಅತಿ ಹೆಚ್ಚು ಸಿಟ್ಟು ಹುಟ್ಟಿಸುವ ರೌಂಡ್ ಇದೇ. 2015ರಲ್ಲಿ, ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡುವ ಹೋಂಬ್ರೂ ಎಂಬ ಜನಪ್ರಿಯ ಸಾಧನವನ್ನು ಬರೆದ ಮ್ಯಾಕ್ಸ್ ಹೋವೆಲ್, ಗೂಗಲ್‌ನ ಎಂಜಿನಿಯರ್‌ಗಳಲ್ಲಿ ಬಹುಪಾಲು ಜನ ಬಳಸುವ ತಂತ್ರಾಂಶವನ್ನು ತಾನು ಬರೆದಿದ್ದರೂ ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀಯನ್ನು (ಎರಡೆರಡು ಕವಲುಗಳಾಗಿ ಹರಡುವ ದತ್ತಾಂಶದ ರಚನೆ) ತಿರುವಿಹಾಕಲಾಗದ ಕಾರಣಕ್ಕೆ ಕಂಪನಿ ತನ್ನನ್ನು ತಿರಸ್ಕರಿಸಿತೆಂದು ಬರೆದಾಗ, ಪ್ರೋಗ್ರಾಮರ್‌ಗಳ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2007ರಲ್ಲಿ ಫಿಜ್‌ಬಜ್ ಎಂಬ ಪುಟ್ಟ ಪ್ರಶ್ನೆ ಪ್ರಸಿದ್ಧವಾದದ್ದು, ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕೆಲವು ಬದಲಾವಣೆಗಳೊಂದಿಗೆ ಮುದ್ರಿಸುವಷ್ಟು ಸರಳ ಪ್ರೋಗ್ರಾಂ ಬರೆಯಲೂ ಅನೇಕ ಅರ್ಜಿದಾರರಿಗೆ ಆಗುತ್ತಿಲ್ಲ ಎಂಬ ಸಂದರ್ಶಕರ ದೂರಿನಿಂದ. ಅಂದರೆ ಈ ರೌಂಡ್‌ನ ಹುಟ್ಟಿಗೆ ಕಾರಣವಿದೆ. ಅದು ಬೆಳೆದ ರೀತಿಗೆ ಸಮರ್ಥನೆ ಕಡಿಮೆ.

ನೋಡುಗರ ಎದುರು ಮೆದುಳು ಸ್ತಬ್ಧವಾಗುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ 48 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸಂದರ್ಶಕರ ಎದುರು ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಪ್ರಶ್ನೆ ಬಿಡಿಸಲು, ಉಳಿದವರಿಗೆ ಖಾಲಿ ಕೋಣೆಯಲ್ಲಿ ಒಬ್ಬರೇ ಅದನ್ನೇ ಬಿಡಿಸಲು ಹೇಳಲಾಗಿತ್ತು. ಸಂದರ್ಶಕರ ಎದುರು ನಿಂತವರ ಸಾಧನೆ ಒಬ್ಬರೇ ಇದ್ದವರದಕ್ಕಿಂತ ಅರ್ಧಕ್ಕೂ ಕೆಳಗೆ ಬಿತ್ತು. ಇದರಿಂದ ತಯಾರಿಗೆ ಸಿಗುವ ಸೂಚನೆ ಸ್ಪಷ್ಟವಾಗಿದೆ: ಒಬ್ಬರೇ ಕೂತು ಇನ್ನೂರು ಪ್ರಶ್ನೆ ಬಿಡಿಸುವುದರ ಬದಲು ಅದರಲ್ಲಿ ಒಂದಷ್ಟನ್ನಾದರೂ ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಗಡಿಯಾರ ಇಟ್ಟು, ಗಟ್ಟಿಯಾಗಿ ಮಾತಾಡುತ್ತ ಬಿಡಿಸಬೇಕು. ಎದುರಿಗೆ ಕೂರುವವರಿಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕೆಂದೂ ಇಲ್ಲ. ಅವರು ಸುಮ್ಮನೆ ನೋಡುತ್ತಿದ್ದರೆ ಸಾಕು, ಅಭ್ಯಾಸವಾಗಬೇಕಾದದ್ದು ಆ ನೋಟವೇ.

ರೌಂಡ್ ಆರಂಭವಾದ ಕೂಡಲೇ ಕೀಬೋರ್ಡ್‌ಗೆ ಕೈ ಹಾಕಬೇಡಿ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ, ಒಂದು ಚಿಕ್ಕ ಉದಾಹರಣೆಯ ಇನ್‌ಪುಟ್ ಮತ್ತು ಔಟ್‌ಪುಟ್ ಬರೆದು ಸಂದರ್ಶಕರ ಒಪ್ಪಿಗೆ ಪಡೆಯಿರಿ. ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ಪುನರಾವರ್ತನೆಯಾದ ಅಂಶಗಳು ಬಂದರೆ ಏನಾಗಬೇಕೆಂದು ಕೇಳಿ. ನಂತರ ನಿಧಾನವಾದರೂ ಸರಿ, ಹೊಳೆದ ಮೊದಲ ದಾರಿಯನ್ನು ಹೇಳಿ, ಅದಕ್ಕೆ ಎಷ್ಟು ಹೆಜ್ಜೆಗಳು ಬೇಕೆಂದು ಲೆಕ್ಕ ಹಾಕಿ. ಇನ್‌ಪುಟ್‌ನ ಗಾತ್ರ ಒಂದು ಲಕ್ಷದವರೆಗೆ ಇರಬಹುದು ಎಂದಿದ್ದರೆ ಒಂದರೊಳಗೊಂದು ಲೂಪ್ ಹಾಕಿದ ಪರಿಹಾರ 1,000 ಕೋಟಿ ಹೆಜ್ಜೆಗಳಾಗುತ್ತದೆ, ಅದು ಸೆಕೆಂಡುಗಳ ಮಿತಿಯಲ್ಲಿ ಮುಗಿಯದು. ಅದೇ ಪಟ್ಟಿಯನ್ನು ಸಾರ್ಟ್ ಮಾಡುವ ದಾರಿ ಹಿಡಿದರೆ ಸುಮಾರು 17 ಲಕ್ಷ ಹೆಜ್ಜೆಗಳು ಸಾಕು. ಆನ್‌ಲೈನ್ ಟೆಸ್ಟ್‌ಗಳಲ್ಲಿ ಪ್ರಶ್ನೆಯ ಕೆಳಗೆ ಕೊಟ್ಟಿರುವ ಈ ಮಿತಿಗಳನ್ನು ಮೊದಲು ಓದಿದವರಿಗೆ ಯಾವ ಬಗೆಯ ಪರಿಹಾರ ನಿರೀಕ್ಷಿಸಿದ್ದಾರೆಂಬುದು ಅರ್ಧ ತಿಳಿದಂತೆಯೇ.

ಸಿಕ್ಕಿಹಾಕಿಕೊಂಡಾಗ ‘ಎರಡು ನಿಮಿಷ ಸುಮ್ಮನೆ ಯೋಚಿಸಬಹುದೇ?’ ಎಂದು ಕೇಳಿ. ಬಹುತೇಕ ಸಂದರ್ಶಕರು ಒಪ್ಪುತ್ತಾರೆ, ಮತ್ತು ಆ ಎರಡು ನಿಮಿಷದಲ್ಲಿ ಮೇಲಿನ ಅಧ್ಯಯನದ ಖಾಲಿ ಕೋಣೆಯ ಒಂದು ಅಂಶವಾದರೂ ನಿಮಗೆ ಸಿಗುತ್ತದೆ. ಸಮಯ ಮುಗಿಯುತ್ತ ಬಂದರೆ ಅಪೂರ್ಣ ಕೋಡ್‌ನ ಉಳಿದ ಭಾಗ ಹೇಗಿರುತ್ತಿತ್ತು, ಯಾವ ಟೆಸ್ಟ್‌ಗಳನ್ನು ಬರೆಯುತ್ತಿದ್ದಿರಿ ಎಂದು ಹೇಳಿ ಮುಗಿಸಿ. ಪ್ರಶ್ನೆಯನ್ನು ಮೊದಲೇ ನೋಡಿದ್ದರೆ ಅದನ್ನೂ ಹೇಳಿಬಿಡುವುದು ಲೇಸು. ಆಗತಾನೆ ಹೊಳೆದಂತೆ ನಟಿಸುವವರನ್ನು ಅನುಭವಿ ಸಂದರ್ಶಕರು ಬೇಗ ಗುರುತಿಸುತ್ತಾರೆ.

ಮನೆಗೆ ಕೊಟ್ಟ ಅಸೈನ್‌ಮೆಂಟ್

ನೋಡುವವರಿಲ್ಲದೆ ಕೆಲಸ ಮಾಡಬಹುದೆಂಬ ಕಾರಣಕ್ಕೆ ಹಲವರು ಇದನ್ನೇ ಇಷ್ಟಪಡುತ್ತಾರೆ, ನಾನೂ ಅದೇ ಗುಂಪಿನವನು. ಆದರೆ ಅಭ್ಯರ್ಥಿಯ ಸಮಯ ಅತಿ ಹೆಚ್ಚು ಸೋರಿಹೋಗುವುದೂ ಇಲ್ಲಿಯೇ. ಲೈವ್ ರೌಂಡ್‌ನಲ್ಲಿ ಕಂಪನಿಯ ಎಂಜಿನಿಯರ್ ಒಬ್ಬರ ಒಂದು ಗಂಟೆಯೂ ಖರ್ಚಾಗುತ್ತದೆ, ಹಾಗಾಗಿ ಕಂಪನಿ ಲೆಕ್ಕ ನೋಡಿ ಕರೆಯುತ್ತದೆ. ಅಸೈನ್‌ಮೆಂಟ್ ಕಳಿಸಲು ಅದಕ್ಕೆ ಒಂದು ಇಮೇಲ್ ಸಾಕು. ಈ ಅಸಮತೋಲವನ್ನು ಅರಿತು ಮುಂದೆ ಹೇಳಿದಂತೆ ನಡೆದುಕೊಳ್ಳಿ.

ಆರಂಭಿಸುವ ಮೊದಲು ಮೂರು ಪ್ರಶ್ನೆಗಳನ್ನು ಬರೆದು ಕಳಿಸಿ: ಇದಕ್ಕೆ ಎಷ್ಟು ಗಂಟೆ ಹಿಡಿಯಬಹುದೆಂದು ನಿಮ್ಮ ಅಂದಾಜು, ಇದನ್ನು ಯಾರು ಯಾವ ಮಾನದಂಡದ ಮೇಲೆ ಪರಿಶೀಲಿಸುತ್ತಾರೆ, ಕಳಿಸಿದ ಮೇಲೆ ಆಯ್ಕೆಯಾಗದಿದ್ದರೂ ಅಭಿಪ್ರಾಯ ತಿಳಿಸುತ್ತೀರಾ. ಮೂರು ಗಂಟೆ ಎಂದು ಉತ್ತರ ಬಂದರೆ ನಾಲ್ಕು ಗಂಟೆ ಮೀಸಲಿಟ್ಟು, ಅಲಾರಂ ಬಾರಿಸಿದಾಗ ನಿಲ್ಲಿಸಿ. ‘ಹಲವರು ಇದಕ್ಕೆ ಒಂದು ವಾರ ತೆಗೆದುಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ, ಅದರ ಬದಲು ನೀವು ಈಗಾಗಲೇ ಬರೆದಿರುವ ತೆರೆದ ಕೋಡ್ ಒಂದನ್ನು ತೋರಿಸಿ ಅದರ ಬಗ್ಗೆ ಒಂದು ಗಂಟೆ ಚರ್ಚಿಸಬಹುದೇ ಎಂದು ಕೇಳಿ ನೋಡಿ. ಒಪ್ಪುವವರೂ ಇದ್ದಾರೆ.

ಕೊಟ್ಟ ಸಮಸ್ಯೆ ಕಂಪನಿ ಈಗ ಮಾರುತ್ತಿರುವ ಉತ್ಪನ್ನದ ಹೊಸ ಫೀಚರ್‌ನಂತೆಯೇ ಇದ್ದರೆ, ಅವರ ನಿಜವಾದ ದತ್ತಾಂಶ ಅಥವಾ ಎಪಿಐ ಬಳಸಿ, ನೇರವಾಗಿ ಸರ್ವರ್‌ನಲ್ಲಿ ಓಡಿಸುವಷ್ಟು ಪೂರ್ಣಗೊಳಿಸಿ ಕೊಡಬೇಕೆಂದಿದ್ದರೆ, ಅದು ಪರೀಕ್ಷೆಯೋ ಸಂಬಳವಿಲ್ಲದ ಕೆಲಸವೋ ಎಂಬ ಸಂಶಯ ಸಹಜ. ಪ್ರಾಮಾಣಿಕ ಪರೀಕ್ಷೆಗೆ ಬಳಸುವ ಸಮಸ್ಯೆ ಸಾಮಾನ್ಯವಾಗಿ ಕೃತಕವಾದದ್ದು, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಆಗಿರುತ್ತದೆ. ಸಂಶಯವಿದ್ದಲ್ಲಿ ಈ ಕೆಲಸಕ್ಕೆ ಸಂಭಾವನೆ ಇದೆಯೇ, ಕೋಡ್‌ನ ಹಕ್ಕು ಯಾರದು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಕಲಿ ರಿಕ್ರೂಟರ್‌ಗಳು ಕೋಡಿಂಗ್ ಅಸೈನ್‌ಮೆಂಟ್‌ನ ಹೆಸರಿನಲ್ಲಿ ದುರುದ್ದೇಶದ ಕೋಡ್ ಕಳಿಸುವ ಒಂದು ದೊಡ್ಡ ಜಾಲವನ್ನು ಸೈಬರ್ ಭದ್ರತಾ ಕಂಪನಿ ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ಯೂನಿಟ್ 42 ತಂಡ 2023ರ ನವೆಂಬರ್‌ನಲ್ಲಿ ಬಯಲು ಮಾಡಿತು. ಅಭ್ಯರ್ಥಿ ರೆಪಾಸಿಟರಿಯನ್ನು (ಪ್ರಾಜೆಕ್ಟ್‌ನ ಕೋಡ್ ಸಂಗ್ರಹ) ಇಳಿಸಿಕೊಂಡು ಓಡಿಸಿದೊಡನೆ ಬ್ರೌಸರ್‌ನಲ್ಲಿರುವ ಪಾಸ್‌ವರ್ಡ್‌ಗಳು, ಕ್ರಿಪ್ಟೊ ವ್ಯಾಲೆಟ್‌ಗಳು ಕಳುವಾಗುತ್ತಿದ್ದವು. ಎನ್‌ಪಿಎಂ ಪ್ಯಾಕೇಜ್‌ಗಳು (ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗಳು ಬಳಸುವ ಸಿದ್ಧ ಕೋಡ್‌ನ ಕಟ್ಟುಗಳು) ಇನ್‌ಸ್ಟಾಲ್ ಆಗುವ ಹೊತ್ತಿನಲ್ಲೇ ತಮ್ಮದೇ ಸ್ಕ್ರಿಪ್ಟ್‌ಗಳನ್ನು ಓಡಿಸಬಲ್ಲವು ಎಂಬುದನ್ನು ನೆನಪಿಡಿ. ಆ ಸ್ಕ್ರಿಪ್ಟ್‌ಗಳನ್ನು ತಡೆದರೂ ಮುಖ್ಯ ಕೋಡ್‌ನೊಳಗೇ ಕಳ್ಳ ಸಾಲು ಅಡಗಿರಬಹುದು. ಆದ್ದರಿಂದ ಬೇರೆಯವರು ಕಳಿಸಿದ ಯಾವುದೇ ಪ್ರಾಜೆಕ್ಟನ್ನು ವರ್ಚುವಲ್ ಮಷೀನ್‌ನಲ್ಲಿ (ನಿಮ್ಮ ಕಂಪ್ಯೂಟರ್‌ನೊಳಗೇ ಪ್ರತ್ಯೇಕವಾಗಿ ನಡೆಯುವ ಇನ್ನೊಂದು ಕಂಪ್ಯೂಟರ್), ನಿಮ್ಮ ಯಾವ ಖಾತೆಗೂ ಲಾಗಿನ್ ಆಗದೆ, ಓಡಿಸಿ. ಈಗ ಕೆಲಸ ಮಾಡುತ್ತಿರುವ ಕಂಪನಿಯ ಲ್ಯಾಪ್‌ಟಾಪ್‌ನಲ್ಲಂತೂ ಅದನ್ನು ತೆರೆಯಲೇಬೇಡಿ. ಅವಸರಪಡಿಸುವ ರಿಕ್ರೂಟರ್, ಕಂಪನಿಯ ಡೊಮೇನ್‌ಗೆ ಹೊಂದದ ಇಮೇಲ್ ವಿಳಾಸ, ವಿಡಿಯೊ ಕರೆಯ ನಡುವೆಯೇ ‘ಈಗಲೇ ಇದನ್ನು ಓಡಿಸಿ ತೋರಿಸಿ’ ಎಂಬ ಒತ್ತಾಯ, ಇವುಗಳಲ್ಲಿ ಒಂದು ಕಂಡರೂ ಕಂಪನಿಯ ಅಧಿಕೃತ ಜಾಲತಾಣದ ಮೂಲಕ ಆ ವ್ಯಕ್ತಿಯ ಬಗ್ಗೆ ವಿಚಾರಿಸಿ. ತರಬೇತಿ ಶುಲ್ಕವೆಂದೋ ಠೇವಣಿಯೆಂದೋ ಹಣ ಕೇಳಿದರೆ ವಿಚಾರಿಸುವ ಅಗತ್ಯವೂ ಇಲ್ಲ, ಅಲ್ಲಿಗೇ ಮುಗಿಸಿ.

ಕಳಿಸುವಾಗ ರೀಡ್‌ಮಿ ಕಡತಕ್ಕೆ ಕೋಡ್‌ಗೆ ಕೊಟ್ಟಷ್ಟೇ ಗಮನ ಕೊಡಿ: ಓಡಿಸುವ ವಿಧಾನ, ಮಾಡಿಕೊಂಡ ಊಹೆಗಳು, ಬಿಟ್ಟದ್ದೇನು ಮತ್ತು ಏಕೆ, ಎಷ್ಟು ಗಂಟೆ ಹಿಡಿಯಿತು. ‘ನಾಲ್ಕು ಗಂಟೆಗೆ ನಿಲ್ಲಿಸಿದ್ದೇನೆ, ಇನ್ನೂ ಸಮಯವಿದ್ದಿದ್ದರೆ ಲಾಗಿನ್ ಭಾಗಕ್ಕೆ ಟೆಸ್ಟ್ ಬರೆಯುತ್ತಿದ್ದೆ’ ಎಂಬ ಸಾಲು, ಮಿತಿ ಮೀರಿ ಕೂತು ಬರೆದ ಅರೆಬರೆ ಟೆಸ್ಟ್‌ಗಿಂತ ಪರಿಶೀಲಿಸುವವರಿಗೆ ಹೆಚ್ಚು ತಿಳಿಸುತ್ತದೆ.

ಸಿಸ್ಟಂ ಡಿಸೈನ್ ಮತ್ತು ಅನುಭವದ ಪ್ರಶ್ನೆಗಳು

ಸಿಸ್ಟಂ ಡಿಸೈನ್ ರೌಂಡ್‌ನಲ್ಲಿ ಗೊಂದಲ ಹುಟ್ಟುವುದು ಪ್ರಶ್ನೆ ಬೇಕೆಂದೇ ಅಸ್ಪಷ್ಟವಾಗಿರುವುದರಿಂದ. ಚಿತ್ರ ಬಿಡಿಸಲು ತೊಡಗುವ ಮೊದಲು ಬಳಕೆದಾರರು ಎಷ್ಟು, ಓದುವುದು ಹೆಚ್ಚೋ ಬರೆಯುವುದು ಹೆಚ್ಚೋ, ದತ್ತಾಂಶ ಕೆಲವು ಸೆಕೆಂಡು ಹಳೆಯದಾದರೆ ನಡೆಯುತ್ತದೆಯೇ ಎಂದು ಕೇಳಿ ಸಣ್ಣ ಲೆಕ್ಕ ಮಾಡಿ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ದಿನಕ್ಕೆ ಒಂದು ಕೋಟಿ ರಿಕ್ವೆಸ್ಟ್ ಎಂದರೆ ಸೆಕೆಂಡಿಗೆ ಸರಾಸರಿ 116. ದಟ್ಟಣೆಯ ಹೊತ್ತಿಗೆ ಅದರ ನಾಲ್ಕು ಪಟ್ಟು ಹಿಡಿದರೂ ಐನೂರರ ಒಳಗೆ. ಪ್ರತಿಯೊಂದೂ ಒಂದು ಕಿಲೋಬೈಟ್ ಆದರೆ ದಿನಕ್ಕೆ 10 ಗಿಗಾಬೈಟ್, ವರ್ಷಕ್ಕೆ ಮೂರೂವರೆ ಟೆರಾಬೈಟ್‌ಗಿಂತ ತುಸು ಹೆಚ್ಚು. ಇಷ್ಟು ಲೆಕ್ಕ ಮಾಡಿದವರು ಒಂದೇ ಡೇಟಾಬೇಸ್ ಸಾಕಾಗುವ ಕಡೆ ಹತ್ತಾರು ಮೈಕ್ರೋಸರ್ವಿಸ್‌ಗಳನ್ನು (ಬೇರೆ ಬೇರೆಯಾಗಿ ಓಡುವ ಚಿಕ್ಕ ಸೇವೆಗಳನ್ನು) ಬಿಡಿಸಲು ಹೋಗುವುದಿಲ್ಲ.

ಅನುಭವದ ಪ್ರಶ್ನೆಗಳಿಗೆ, ಅಂದರೆ ‘ಸಹೋದ್ಯೋಗಿಯ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ’ ಎಂಬಂಥವಕ್ಕೆ, ನಾಲ್ಕೈದು ನಿಜ ಘಟನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ಸಂದರ್ಭವೇನು, ನಿಮ್ಮ ಪಾಲಿನ ಜವಾಬ್ದಾರಿ ಏನು, ನೀವು ಮಾಡಿದ್ದೇನು, ಫಲಿತಾಂಶವೇನು. ಮೂವರು ಬೇರೆ ಬೇರೆ ಸಂದರ್ಶಕರು ಒಂದೇ ಪ್ರಶ್ನೆ ಕೇಳಿದಾಗ ಬೇಸರವಾಗುವುದು ಸಹಜ, ಆದರೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾನದಂಡ ಇರುವ ಸಂದರ್ಶನಗಳು ಮನಬಂದಂತೆ ಹರಟುವ ಸಂದರ್ಶನಗಳಿಗಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತವೆಂದು ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಷ್ಮಿಟ್ ಮತ್ತು ಜಾನ್ ಹಂಟರ್ 1998ರ ತಮ್ಮ ವಿಶ್ಲೇಷಣೆಯಲ್ಲಿ ತೋರಿಸಿದ್ದರು. 2022ರ ಮರುವಿಶ್ಲೇಷಣೆಯೊಂದು ಆಯ್ಕೆಯ ಎಲ್ಲ ವಿಧಾನಗಳಲ್ಲಿ ಇಂಥ ಸಂದರ್ಶನಗಳಿಗೇ ಮೊದಲ ಸ್ಥಾನ ಕೊಟ್ಟಿತು.

ಮೌನವನ್ನು ಎದುರಿಸುವುದು

ಕೊನೆಯ ರೌಂಡ್ ಮುಗಿದು ಎರಡು ವಾರ ಕಳೆದರೂ ಸುದ್ದಿಯಿಲ್ಲ ಎಂದಾಗ ಅಭ್ಯರ್ಥಿಯ ಮನಸ್ಸು ತನ್ನ ಉತ್ತರಗಳಲ್ಲೇ ತಪ್ಪು ಹುಡುಕಲು ಹೊರಡುತ್ತದೆ. ಒಳಗೆ ನಡೆಯುತ್ತಿರುವುದು ಬೇರೆಯೇ ಇರಬಹುದು. ಕೆಲವು ಕಂಪನಿಗಳಲ್ಲಿ ನಿರ್ಧಾರ ಸಂದರ್ಶಕರ ಕೈಯಲ್ಲೇ ಇರುವುದಿಲ್ಲ: ಗೂಗಲ್‌ನಲ್ಲಿ ಅಭ್ಯರ್ಥಿಯನ್ನು ನೋಡಿಯೇ ಇರದ ಸಮಿತಿಯೊಂದು ಲಿಖಿತ ಟಿಪ್ಪಣಿಗಳನ್ನು ಓದಿ ತೀರ್ಮಾನಿಸುವ ಪದ್ಧತಿ ಬೆಳೆದು ಬಂದಿದೆ, ಅಮೆಜಾನ್‌ನಲ್ಲಿ ‘ಬಾರ್ ರೈಸರ್’ ಎಂಬ ಹೆಸರಿನ, ಆ ತಂಡಕ್ಕೆ ಸೇರದ ಸಂದರ್ಶಕರೊಬ್ಬರು ನೇಮಕಾತಿಯನ್ನು ತಡೆಹಿಡಿಯಬಲ್ಲರು. ಇನ್ನು ಕೆಲವೆಡೆ ಮೊದಲ ಆಯ್ಕೆಯ ಅಭ್ಯರ್ಥಿ ಆಫರ್‌ಗೆ ಉತ್ತರ ಕೊಡುವವರೆಗೆ ಎರಡನೆಯವರನ್ನು ಕಾಯಿಸುತ್ತಾರೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಅವರೇ ಹೇಳಿದ ದಿನ ಕಳೆದು ಎರಡು ಕೆಲಸದ ದಿನಗಳಾದ ಮೇಲೆ ಮೊದಲ ಇಮೇಲ್ ಬರೆಯಿರಿ. ದಿನ ಹೇಳಿರದಿದ್ದರೆ ರೌಂಡ್ ಮುಗಿದ ಒಂದು ವಾರದ ನಂತರ ಬರೆಯಿರಿ. ಅದರಲ್ಲಿ ದೂರು ಬೇಡ, ಮೂರು ಸಂಗತಿಗಳು ಸಾಕು: ಯಾವ ಹುದ್ದೆ, ಯಾವ ದಿನ ಯಾವ ರೌಂಡ್ ಮುಗಿಯಿತು, ಮುಂದಿನ ಮಾಹಿತಿ ಯಾವಾಗ ನಿರೀಕ್ಷಿಸಬಹುದು. ಇನ್ನೊಂದು ವಾರ ಬಿಟ್ಟು ಎರಡನೆಯದು. ನಿಮ್ಮ ಕೈಯಲ್ಲಿ ಬೇರೆ ಆಫರ್ ನಿಜವಾಗಿಯೂ ಇದ್ದರೆ ಅದಕ್ಕೆ ಉತ್ತರಿಸಬೇಕಾದ ದಿನಾಂಕವನ್ನು ಇದರಲ್ಲಿ ನಮೂದಿಸಿ, ಇಲ್ಲದಿದ್ದರೆ ಇದೆಯೆಂದು ಹೇಳಬೇಡಿ. ಅದಕ್ಕೂ ಉತ್ತರ ಬಾರದಿದ್ದರೆ ಸ್ಪ್ರೆಡ್‌ಶೀಟ್‌ನಲ್ಲಿ ಆ ಸಾಲನ್ನು ಮುಚ್ಚಿ. ಮೂರನೆಯ ಇಮೇಲ್‌ನಿಂದ ಉಪಯೋಗವಾಗುವುದು ಕಡಿಮೆ, ಕಾಯುವ ಅಭ್ಯಾಸ ಮಾತ್ರ ಗಟ್ಟಿಯಾಗುತ್ತದೆ. ಮುಚ್ಚಿದ ಸಾಲಿಗೆ ಮುಂದೆ ಯಾವಾಗಲಾದರೂ ಉತ್ತರ ಬಂದರೆ ಮತ್ತೆ ತೆರೆಯಲು ಯಾವ ಅಡ್ಡಿಯೂ ಇಲ್ಲ.

ರೌಂಡ್‌ಗಳು ಬೆಳೆಯುತ್ತ ಹೋದಾಗ

‘ಇನ್ನೊಬ್ಬ ಡೈರೆಕ್ಟರ್ ಒಮ್ಮೆ ಮಾತಾಡಬೇಕೆನ್ನುತ್ತಾರೆ’ ಎಂಬ ಸಂದೇಶ ಬಂದಾಗ ಮೊದಲ ದಿನ ಕಳಿಸಿದ ಆ ಮೂರು ಸಾಲಿನ ಇಮೇಲ್ ಹೊರತೆಗೆಯಿರಿ. ಅದೇ ಸರಣಿಯಲ್ಲಿ ಉತ್ತರಿಸುತ್ತ, ಮೊದಲು ನಾಲ್ಕು ರೌಂಡ್‌ಗಳೆಂದು ಮಾತಾಗಿತ್ತು, ಈ ಹೊಸ ರೌಂಡ್‌ನಲ್ಲಿ ಇದುವರೆಗೆ ತಿಳಿಯದ ಯಾವ ವಿಷಯವನ್ನು ತಿಳಿಯಬೇಕಾಗಿದೆ, ಇದರ ನಂತರ ನಿರ್ಧಾರ ಆಗುತ್ತದೆಯೇ ಎಂದು ಕೇಳಿ. ಕೇಳುವುದಕ್ಕೆ ಆಧಾರವೂ ಇದೆ: ಗೂಗಲ್ ತನ್ನ ಹಳೆಯ ಸಂದರ್ಶನಗಳ ದತ್ತಾಂಶವನ್ನು ಪರಿಶೀಲಿಸಿ, ನಾಲ್ಕು ಸಂದರ್ಶನಗಳಾದ ಮೇಲೆ ನೇಮಕಾತಿಯ ನಿರ್ಧಾರವನ್ನು ಶೇ. 86ರಷ್ಟು ವಿಶ್ವಾಸದಿಂದ ಹೇಳಬಹುದು, ಆಮೇಲಿನ ಪ್ರತಿ ಸಂದರ್ಶನದಿಂದ ಸಿಗುವ ಲಾಭ ತೀರಾ ಅಲ್ಪ ಎಂದು ಕಂಡುಕೊಂಡು ತನ್ನ ನಿಯಮವನ್ನೇ ಬದಲಿಸಿಕೊಂಡಿತು.

ಸ್ಪಷ್ಟ ಕಾರಣ ಕೊಟ್ಟರೆ ಹೋಗಿ ಬನ್ನಿ. ಕಾರಣವಿಲ್ಲದೆ ಎರಡನೆಯ ಬಾರಿಯೂ ರೌಂಡ್ ಸೇರಿಸಿದರೆ, ಹುದ್ದೆಯ ಹೆಸರೋ ದರ್ಜೆಯೋ ಮಧ್ಯದಲ್ಲಿ ಬದಲಾದರೆ, ನಿಗದಿಯಾದ ರೌಂಡ್‌ಗೆ ಸಂದರ್ಶಕರು ಎರಡು ಸಲ ಬಾರದೆ ಹೋದರೆ, ಅಥವಾ ನೀವು ಬರೆದಿಟ್ಟ ಗಂಟೆಗಳ ಮಿತಿ ದಾಟಿದರೆ ಹಿಂದೆ ಸರಿಯುವುದನ್ನು ಗಂಭೀರವಾಗಿ ಯೋಚಿಸಿ. ಯಾರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸಲಾಗದ ತಂಡ, ಯಾವ ಡೇಟಾಬೇಸ್ ಬಳಸಬೇಕೆಂದೂ ಹೀಗೆಯೇ ತೀರ್ಮಾನಿಸುತ್ತಿರಬಹುದು. ಹಿಂದೆ ಸರಿಯುವಾಗ ಎರಡೇ ಸಾಲು ಬರೆಯಿರಿ: ಸಮಯಕ್ಕೆ ಧನ್ಯವಾದ, ಈ ಹಂತದಲ್ಲಿ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಕೋಪದ ವಿವರಣೆ ಬರೆಯಬೇಕೆನಿಸಿದರೆ ಬರೆದು, ಕಳಿಸದೆ ಇಟ್ಟುಕೊಳ್ಳಿ.

ತಿರಸ್ಕಾರ ಬಂದಾಗ

‘ಬೇರೆ ಅಭ್ಯರ್ಥಿಯೊಂದಿಗೆ ಮುಂದುವರಿಯಲು ನಿರ್ಧರಿಸಿದ್ದೇವೆ’ ಎಂಬ ಸಿದ್ಧ ಇಮೇಲ್‌ನಲ್ಲಿ ಕಾರಣ ಇರುವುದಿಲ್ಲ, ಏಕೆಂದರೆ ಬರೆದುಕೊಟ್ಟ ಕಾರಣ ನಾಳೆ ತಮ್ಮ ವಿರುದ್ಧವೇ ಕಾನೂನಿನ ದಾಖಲೆಯಾದೀತೆಂಬ ಭಯ ಕಂಪನಿಗಳಿಗಿದೆ. ‘ನನ್ನನ್ನು ಏಕೆ ತೆಗೆದುಕೊಳ್ಳಲಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಮುಂದಿನ ಆರು ತಿಂಗಳಲ್ಲಿ ಒಂದು ವಿಷಯವನ್ನು ಬಲಪಡಿಸಿಕೊಳ್ಳಬೇಕಾದರೆ ಅದು ಯಾವುದು’ ಎಂದು, ಸಾಧ್ಯವಾದರೆ ಫೋನ್‌ನಲ್ಲಿ, ಕೇಳಿದರೆ ಕೆಲವೊಮ್ಮೆ ಬರುತ್ತದೆ. ಬಂದ ಉತ್ತರವನ್ನು ವಾದಿಸದೆ ಬರೆದುಕೊಳ್ಳಿ. ಮತ್ತೆ ಅರ್ಜಿ ಹಾಕಲು ಎಷ್ಟು ಕಾಯಬೇಕೆಂದೂ ಅದೇ ಉಸಿರಿನಲ್ಲಿ ವಿಚಾರಿಸಿ; ಆರು ತಿಂಗಳಿಂದ ಒಂದು ವರ್ಷ ಎಂಬುದು ಸಾಮಾನ್ಯ ನಿಯಮ.

ಆಫರ್ ಬಂದಾಗ

ಫೋನ್‌ನಲ್ಲಿ ‘ಅಭಿನಂದನೆಗಳು’ ಎಂದು ಹೇಳಿದ್ದು ಆಫರ್ ಅಲ್ಲ. ಸಂಬಳ, ಹುದ್ದೆ, ದರ್ಜೆ, ಸೇರುವ ದಿನ, ಕೆಲಸದ ಸ್ಥಳ ಎಲ್ಲವೂ ಇರುವ ಲಿಖಿತ ಪತ್ರ ಕೈಗೆ ಬಂದು, ಅದರಲ್ಲಿ ಹೇಳಿರುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಂಥ ಷರತ್ತುಗಳು ಪೂರೈಸುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಪತ್ರವನ್ನು ಓದುವಾಗ ಒಟ್ಟು ಮೊತ್ತದ ಮೇಲೆ ಕಣ್ಣು ನಿಲ್ಲದೆ, ಅದರಲ್ಲಿ ತಿಂಗಳು ತಿಂಗಳು ಖಚಿತವಾಗಿ ಬರುವುದೆಷ್ಟು, ಸಾಧನೆಯ ಮೇಲೆ ಅವಲಂಬಿಸಿರುವ ಬೋನಸ್ ಎಷ್ಟು, ಷೇರುಗಳು ಎಷ್ಟು ವರ್ಷಗಳಲ್ಲಿ ಯಾವ ಪ್ರಮಾಣದಲ್ಲಿ ನಿಮ್ಮದಾಗುತ್ತವೆ, ಸೇರುವಾಗ ಕೊಟ್ಟ ಬೋನಸ್ಸನ್ನು ಬೇಗ ಬಿಟ್ಟರೆ ಹಿಂತಿರುಗಿಸಬೇಕೇ ಎಂದು ಬಿಡಿಬಿಡಿಯಾಗಿ ನೋಡಿ. ನಾಲ್ಕು ವರ್ಷಗಳ ಷೇರುಗಳಲ್ಲಿ ಮೊದಲ ವರ್ಷ ತುಂಬುವವರೆಗೆ ಒಂದೂ ಕೈಗೆ ಬಾರದಂಥ ಏರ್ಪಾಡು ವ್ಯಾಪಕವಾಗಿದೆ. ನೋಟಿಸ್ ಪೀರಿಯಡ್, ಬಾಂಡ್, ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ನಿಬಂಧನೆ, ನೀವು ಬಿಡುವಿನ ವೇಳೆಯಲ್ಲಿ ಬರೆದ ಕೋಡ್‌ನ ಹಕ್ಕು, ಇವು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತವೆ.

‘ಇಂದು ಸಂಜೆಯೊಳಗೆ ಸಹಿ ಮಾಡಿ’ ಎಂದು ಒತ್ತಡ ಬಂದರೆ ಮೂರು ಕೆಲಸದ ದಿನ ಕೇಳಿ, ಅದಕ್ಕೆ ಕಾರಣವನ್ನೂ ಹೇಳಿ: ಪತ್ರವನ್ನು ಪೂರ್ತಿ ಓದಬೇಕು, ಮನೆಯವರೊಡನೆ ಮಾತಾಡಬೇಕು. ತಿಂಗಳುಗಟ್ಟಲೆ ಕಾಯಿಸಿದ ಕಂಪನಿ ಮೂರು ದಿನ ಕಾಯಲಾರೆನೆಂದರೆ ಅದರೊಳಗಿನ ವ್ಯವಹಾರದ ಬಗ್ಗೆ ಒಂದು ಸುಳಿವು ಸಿಕ್ಕಂತಾಯಿತು. ಸಂಬಳ ಹೆಚ್ಚಿಸಬೇಕೆಂದು ಕೇಳುವುದಿದ್ದರೆ ಒಂದೇ ಬಾರಿ, ಒಂದು ನಿರ್ದಿಷ್ಟ ಅಂಕಿಯೊಂದಿಗೆ, ಅಷ್ಟು ಸಿಕ್ಕರೆ ಸಹಿ ಮಾಡಲು ಸಿದ್ಧ ಎಂಬ ಮಾತಿನೊಂದಿಗೆ ಕೇಳಿ.

ಸಹಿ ಮಾಡಿದ ಮೇಲೆ, ಇನ್ನೂ ತೆರೆದಿರುವ ಉಳಿದ ಕಂಪನಿಗಳಿಗೆ ಅದೇ ದಿನ ಒಂದೊಂದು ಸಾಲು ಬರೆದು ಅರ್ಜಿಗಳನ್ನು ಹಿಂಪಡೆಯಿರಿ, ನಿಗದಿಯಾದ ರೌಂಡ್‌ಗಳನ್ನು ರದ್ದು ಮಾಡಿಸಿ, ಅಸೈನ್‌ಮೆಂಟ್‌ಗಳಿಗಾಗಿ ಕೊಟ್ಟಿದ್ದ ರೆಪಾಸಿಟರಿಗಳ ಪ್ರವೇಶವನ್ನು ತೆಗೆದುಹಾಕಿ. ಸ್ಪ್ರೆಡ್‌ಶೀಟನ್ನು ಅಳಿಸಬೇಡಿ, ಯಾವ ಕಂಪನಿ ಹೇಳಿದ ದಿನಕ್ಕೆ ಉತ್ತರ ಕೊಟ್ಟಿತು, ಯಾವ ರಿಕ್ರೂಟರ್ ಮಾತು ಉಳಿಸಿಕೊಂಡರು ಎಂಬುದು ಮುಂದಿನ ಸಲ ಕೆಲಸ ಹುಡುಕುವಾಗ ಮೊದಲು ತೆರೆದು ನೋಡಬೇಕಾದ ದಾಖಲೆ.